ನಿಲ್ಲಲು ಜಾಗ ಬೇಡವೇ ಸರ್ಕಲ್ಲಿನಲ್ಲಿ?

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸು ತುಂಗಾ ಸೇತುವೆ ದಾಟಿದರೆ ವಿದ್ಯಾನಗರ. ಅಲ್ಲಿನ ರೈಲ್ವೆ ಗೇಟಿನಲ್ಲಿ ಕಾದು ಸಾಕಾಗಿದ್ದವರಿಗೆ 2024ರಲ್ಲಿ ಉದ್ಘಾಟನೆಯಾದ ವೃತ್ತಾಕಾರದ ಮೇಲ್ಸೇತುವೆ ದೊಡ್ಡ ಅನುಕೂಲ. ಮೆಚ್ಚಬೇಕಾದ ಕೆಲಸವೇ. ಆದರೆ ವೃತ್ತವೆಂದರೆ ವಾಹನ ಸುತ್ತುವ ಜಾಗವಷ್ಟೇ ಎಂಬ ಲೆಕ್ಕಾಚಾರ ಊರಿಗೆಲ್ಲ ಹಬ್ಬಿದರೆ ನಷ್ಟ ಜನರಿಗೆ.

ಶಿವಮೊಗ್ಗದ ಗೋಪಿ ಸರ್ಕಲ್ಲನ್ನೇ ನೋಡಿ. ದಾಖಲೆಗಳಲ್ಲಿ ಅದು ಟಿ. ಸೀನಪ್ಪ ಶೆಟ್ಟಿ ವೃತ್ತ. ಕ್ರಿಕೆಟ್ ಗೆದ್ದ ರಾತ್ರಿ ಪಟಾಕಿ ಸಿಡಿಯುವುದು ಅಲ್ಲೇ, ಬೆಲೆ ಏರಿದಾಗ ಧಿಕ್ಕಾರ ಮೊಳಗುವುದೂ ಅಲ್ಲೇ. ಬ್ಯಾನರ್ ಹಿಡಿದವರು ರಸ್ತೆಯಂಚಿಗೆ ಒತ್ತಿಕೊಂಡು ನಿಲ್ಲುತ್ತಾರೆ. ಮೈಕಿನ ಅರ್ಧ ಮಾತು ಹಾರ್ನ್ ಸದ್ದಿನ ಪಾಲು. ಆದರೂ ನೆಹರು ರಸ್ತೆಗೆ ಹೊರಟ ಬೈಕಿನವನು ಒಂದು ಕಾಲು ನೆಲಕ್ಕೂರಿ ಬ್ಯಾನರ್ ಓದಿಯೇ ಮುಂದೆ ಹೋಗುತ್ತಾನೆ.

ವೃತ್ತದ ಬಲ ಇರುವುದೇ ಇಲ್ಲಿ. 2021ರ ಮಾರ್ಚ್ 20ರಂದು ಇದೇ ಊರಿನ ಸೈನ್ಸ್ ಮೈದಾನದಲ್ಲಿ ರೈತ ನಾಯಕ ರಾಕೇಶ್ ಟಿಕಾಯತ್ ಮಾತನಾಡಿದ ರೈತ ಮಹಾಪಂಚಾಯತ್‌ಗೆ ಬಂದವರು ಬರಲೆಂದೇ ಬಂದವರು. ಸರ್ಕಲ್ಲಿನಲ್ಲಿ ಹಾಗಲ್ಲ, ಸಂಬಂಧವೇ ಇಲ್ಲದವರ ಕಿವಿಗೂ ಮಾತು ಬೀಳುತ್ತದೆ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ಕಂಡ, 1980ರಲ್ಲಿ ರೈತ ಸಂಘ ಕಟ್ಟಿದವರ ಜಿಲ್ಲೆಗೆ ಇದರ ಬೆಲೆ ಗೊತ್ತಿರಬೇಕು.

ಬೆಂಗಳೂರು ಬೇರೆ ದಾರಿ ಹಿಡಿದಿದೆ. ಪೊಲೀಸರ 2021ರ ಆದೇಶದ ನಂತರ ಅಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಗತಿ. ಹಳೆಯ ಸೆಂಟ್ರಲ್ ಜೈಲಿನ ಆ ಅಂಗಳದಲ್ಲಿ ಆಶಾ ಕಾರ್ಯಕರ್ತೆಯರೋ ಅಂಗನವಾಡಿಯವರೋ ರಾತ್ರಿಯಿಡೀ ಕೂತರೂ ಪಕ್ಕದ ಬಡಾವಣೆಗೇ ಸುದ್ದಿ ಮುಟ್ಟುವುದಿಲ್ಲ. ಟ್ರಾಫಿಕ್ ಜಾಮ್‌ನಲ್ಲಿ ಸಿಕ್ಕಿಬೀಳುವ ಆಂಬುಲೆನ್ಸ್‌ನ ಪ್ರಶ್ನೆ ನಿಜ. ಅದಕ್ಕೆ ಹೊತ್ತು ಗೊತ್ತು ಮಾಡಿ, ದಾರಿ ಬಿಡಿಸಿ. ಜನರನ್ನು ಕಣ್ಮರೆ ಮಾಡುವುದು ಪರಿಹಾರವಲ್ಲ.

ಭದ್ರಾವತಿಯಲ್ಲಿ ಸರ್ಕಲ್ಲಿನ ಕೆಲಸವನ್ನು ಕಾರ್ಖಾನೆಯ ಗೇಟು ಮಾಡಿತು. 2023ರ ಜನವರಿಯಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್ಎಲ್ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಕೂತದ್ದು ಅದರ ಮುಂದೆ. ಊರೇ ಅವರ ಬೆನ್ನಿಗೆ ನಿಂತಿತು.

ಮತ್ತೆ ಮೇಲ್ಸೇತುವೆಯ ಬಳಿಗೆ ಬರೋಣ. ವಿದ್ಯಾನಗರದಲ್ಲಿ ಇರುವುದು 1940ರಲ್ಲಿ ಶುರುವಾದ ಸಹ್ಯಾದ್ರಿ ಕಾಲೇಜು. ಅದರ ವಿದ್ಯಾರ್ಥಿಗಳು ನಾಳೆ ಬೀದಿ ನಾಟಕ ಆಡಹೊರಟರೆ ಜಾಗ ಎಲ್ಲಿ? ಮೇಲ್ಸೇತುವೆಯ ಆಸುಪಾಸಿನಲ್ಲಿ ವಾಹನ ನುಗ್ಗದ ಒಂದು ಕಟ್ಟೆ, ನಾಲ್ಕು ಮರ, ಒಂದು ದೀಪದ ಕಂಬ, ಇಷ್ಟನ್ನು ಪಾಲಿಕೆ ಮುಂದಿನ ಬಜೆಟ್ಟಿನಲ್ಲೇ ಬರೆದಿಡಲಿ.