ಎಂಟು ಗಾಲಿ, ಒಂದು ತೋಪು ಮತ್ತು ಹಿಂದೆ ಕೂತವರು

ಯುದ್ಧವಾಹನಗಳ ಬಗ್ಗೆ ಕನ್ನಡದಲ್ಲಿ ಬರೋ ಟಿವಿ ಕಾರ್ಯಕ್ರಮ, ಯೂಟ್ಯೂಬ್ ವಿಡಿಯೋಗಳ ಮೇಲೆ ನನ್ನದೊಂದು ತಕರಾರಿದೆ. ಉಕ್ಕಿನ ಮೈ, ಮೇಲೊಂದು ಬಂದೂಕು ಕಂಡರೆ ಸಾಕು, ಅದು ‘ಟ್ಯಾಂಕ್’. ಹಿಂದೆ ಢಂಢಂ ಸಂಗೀತ, ‘ಶತ್ರುಗಳಿಗೆ ನಡುಕ’ ಅನ್ನೋ ಥಂಬ್‌ನೇಲ್. ಮೊಬೈಲ್ ಕೊಳ್ಳುವಾಗ ಬಿಸಿಯಾಗುತ್ತಾ, ಬ್ಯಾಟರಿ ನಿಲ್ಲುತ್ತಾ ಅಂತ ಹತ್ತು ರಿವ್ಯೂ ನೋಡೋ ನಾವು, ಕೋಟಿಗಟ್ಟಲೆ ಬೆಲೆಯ ಗಾಡಿ ಬಂದಾಗ ಚಪ್ಪಾಳೆ ತಟ್ಟಿ ಸುಮ್ಮನಾಗ್ತೀವಿ.

ನಾನಿರೋದು ರಾಜರಾಜೇಶ್ವರಿನಗರದ ಬಿಇಎಂಎಲ್ ಲೇಔಟ್‌ನಲ್ಲಿ. 1964ರಲ್ಲಿ ಶುರುವಾದ ಆ ಕಂಪನಿ ಸೇನೆಗೆ ಟಟ್ರಾ ಲಾರಿಗಳನ್ನೂ ನಮ್ಮ ಮೆಟ್ರೋಗೆ ಬೋಗಿಗಳನ್ನೂ ಕೊಟ್ಟಿದೆ. ವಿಳಾಸದಲ್ಲೇ ರಕ್ಷಣಾ ಕಾರ್ಖಾನೆಯ ಹೆಸರಿರುವ ಊರಿಗೆ ಇನ್ನೂ ಒಳ್ಳೆಯ ವಿಮರ್ಶೆ ಬೇಕು.

2025ರಲ್ಲಿ ಸುದ್ದಿಯಾಗಿದ್ದು ಅಮೆರಿಕದ ಸ್ಟ್ರೈಕರ್. ಎಂಟು ಗಾಲಿಯ ಗಾಡಿ, ನಡೆಸೋಕೆ ಇಬ್ಬರು, ಹಿಂದೆ ಒಂಬತ್ತು ಸೈನಿಕರು. 2025ರ ಫೆಬ್ರವರಿಯಲ್ಲಿ ಮೋದಿ-ಟ್ರಂಪ್ ಜಂಟಿ ಹೇಳಿಕೆಯಲ್ಲೂ ಇದರ ಹೆಸರು ಬಂತು. ಗಾಲಿಯ ಲಾಭ ಸರಳ: ಚೈನ್ ಗಾಡಿಯನ್ನು ದೂರ ಸಾಗಿಸೋಕೆ ಟ್ರೈಲರ್ ಬೇಕು, ಇದು ಹೈವೇಯಲ್ಲಿ ತಾನೇ ಓಡುತ್ತೆ, ಟಾರು ಕೀಳಲ್ಲ. (ನಮ್ಮ ಆರ್ಚ್ ಹತ್ತಿರದ ಟಾರು ಯಾವ ಚೈನೂ ಇಲ್ಲದೇ ಕಿತ್ತು ಬರುತ್ತೆ, ಆ ಮಾತು ಬೇರೆ.)

ವಿಡಿಯೋಗಳು ಹೇಳದ ಕಥೆ ಮುಂದಿದೆ. ಸ್ಟ್ರೈಕರ್ ಮೇಲಿನ ಮಾಮೂಲಿ ಆಯುಧ 12.7 ಮಿ.ಮೀ. ಮೆಷಿನ್‌ಗನ್. ಒಳಗೆ ಕೂತು ಪರದೆ ನೋಡಿಕೊಂಡು ಹೊಡೆಯಬಹುದು, ಕೇಳೋಕೆ ಭರ್ಜರಿ. ಆದರೆ ಗುಂಡು ಮುಗಿದರೆ ತುಂಬೋಕೆ ಒಬ್ಬ ತಲೆ ಹೊರಗೆ ಹಾಕಲೇಬೇಕು. ಮೊದಮೊದಲ ಗಾಡಿಗಳಲ್ಲಿ ಗನ್ ಸ್ಥಿರವಾಗಿ ನಿಲ್ಲೋ ವ್ಯವಸ್ಥೆಯೂ ಇರಲಿಲ್ಲ, ಓಡುತ್ತಾ ಗುರಿ ಇಡೋದು ಕಷ್ಟವಾಗಿತ್ತು. ಇರಾಕಿನಲ್ಲಿ ರಾಕೆಟ್ ತಡೆಯೋಕೆ ಸುತ್ತ ಕಬ್ಬಿಣದ ಪಂಜರ ಕಟ್ಟಿದರು, ಎರಡು ಟನ್‌ಗೂ ಹೆಚ್ಚು ತೂಕ ಏರಿತು. ಅಫ್ಘಾನಿಸ್ತಾನದಲ್ಲಿ ನೆಲಬಾಂಬಿಗೆ ಚಪ್ಪಟೆ ತಳ ತಡೆಯಲಿಲ್ಲ. ಸತ್ತವರನ್ನು ಎಣಿಸಿದ ಮೇಲೆ, 2011ರಲ್ಲಿ ಸ್ಫೋಟವನ್ನು ಪಕ್ಕಕ್ಕೆ ತಳ್ಳೋ ವಿ ಆಕಾರದ ತಳ ಬಂತು. ಕ್ರಿಮಿಯಾ ಆದ ಮೇಲೆ ಯೂರೋಪಿನಲ್ಲಿದ್ದ ರೆಜಿಮೆಂಟು ಈ ಮೆಷಿನ್‌ಗನ್ ಸಾಲದು ಅಂದಿತು. 30 ಮಿ.ಮೀ. ತೋಪಿನ ಗಾಡಿಗಳು 2017ರ ಕೊನೆಗೆ ಜರ್ಮನಿಗೆ ತಲುಪಿದವು. ಅಂದ್ರೆ ‘ಸ್ಟ್ರೈಕರ್’ ಅನ್ನೋದು ಒಂದು ಗಾಡಿಯಲ್ಲ. ಯಾವುದು ಕೊಡ್ತೀರಿ ಅಂತ ಮೊದಲು ಕೇಳಬೇಕು.

ಇನ್ನೊಂದು ವಿಷಯ: ಇದು ಈಜಲ್ಲ. ನಮ್ಮ ಸೇನೆಯ ಬಿಎಂಪಿ-2 ಚೈನ್ ಗಾಡಿ ನೀರಿಗಿಳಿದರೆ ತೇಲುತ್ತೆ, ಅದರ ಮೇಲೆ 30 ಮಿ.ಮೀ. ತೋಪು ಮೊದಲಿನಿಂದಲೂ ಇದೆ. ಹಾಗಂತ ಅದೇ ಶ್ರೇಷ್ಠ ಅನ್ನಲ್ಲ ನಾನು. ತೇಲೋಕೆ ಹಗುರ ಇರಬೇಕು, ಹಗುರ ಇದ್ದರೆ ಕವಚ ತೆಳು. ಎಷ್ಟು ತೆಳು ಅನ್ನೋದನ್ನು ಉಕ್ರೇನ್ ಯುದ್ಧದಲ್ಲಿ ನೋಡಿಯಾಗಿದೆ. ಅಗ್ಗದ ಡ್ರೋನ್ ಮೇಲಿಂದ ಬಂದು ಬೀಳೋ ಜಾಗದಲ್ಲಿ ಅಮೆರಿಕದ್ದಾಗಲಿ ರಷ್ಯಾದ್ದಾಗಲಿ, ತೆಳು ಮಾಡೇ ತೆಳು.

ಹಾಗಾದ್ರೆ ನಮ್ಮದೇ ಏನೂ ಇಲ್ವಾ? ಇದೆ. ಡಿಆರ್‌ಡಿಓ ಮತ್ತು ಟಾಟಾ ಸೇರಿ ಮಾಡಿದ ವ್ಹಾಪ್, 2014ರ ಡಿಫೆಕ್ಸ್‌ಪೋದಲ್ಲಿ ‘ಕೆಸ್ಟ್ರೆಲ್’ ಹೆಸರಲ್ಲಿ ಕಂಡಿದ್ದೇ ಇದು. ಎಂಟು ಗಾಲಿ, ನೀರಲ್ಲಿ ಈಜುತ್ತೆ, 30 ಮಿ.ಮೀ. ತೋಪನ್ನೂ ಹೊರುತ್ತೆ. ಇದರ ಬಗ್ಗೆಯೂ ನಮ್ಮ ಚಾನೆಲ್‌ಗಳದ್ದು ಅದೇ ಭಜನೆ, ಈ ಸಲ ‘ಸ್ವದೇಶಿ’ ಅಂತ ಇನ್ನೊಂದು ಹೂವು. ಸ್ವದೇಶಿಯಾದ್ರೂ ತಳದ ಕೆಳಗೆ ಬಾಂಬ್ ಸಿಡಿದರೆ ಒಳಗಿರೋರಿಗೆ ಏನಾಗುತ್ತೆ, ಲಡಾಖಿನ ತೆಳು ಗಾಳಿಯಲ್ಲಿ ಎಂಜಿನ್ ಎಷ್ಟು ಸೊರಗುತ್ತೆ ಅಂತ ಕೇಳೋದು ದೇಶದ್ರೋಹ ಅಲ್ಲ ಸ್ವಾಮಿ. ಹಿಂದೆ ಕೂರೋದು ಬೆಳಗಾವಿಯ ಹುಡುಗನೋ ಕೊಡಗಿನವನೋ ಇರ್ತಾನೆ.

2022ರಲ್ಲಿ ನಮ್ಮ ಸೇನೆ ಈ ಕುಟುಂಬದ ಕೆಲವೇ ಗಾಡಿಗಳನ್ನು ತಗೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜನಾಥ್ ಸಿಂಗ್ ಮೊರಾಕ್ಕೊಗೆ ಹೋಗಿ ಟಾಟಾದ ವ್ಹಾಪ್ ಕಾರ್ಖಾನೆ ಉದ್ಘಾಟಿಸಿದರು, ಅಲ್ಲಿನ ಸೇನೆಗೆ ಗಾಡಿ ತಯಾರಿಸೋಕೆ. ಹೊರಗಿನವರು ಕೊಂಡ ಗಾಡಿ ಮನೆಯಲ್ಲಿರುವಾಗ, ಸ್ಟ್ರೈಕರ್ ಮಾತುಕತೆ ಯಾವ ಕೊರತೆ ತುಂಬೋಕೆ? ಇದರ ಮೇಲೆ ಯಾರಾದ್ರೂ ಹತ್ತು ನಿಮಿಷದ ವಿಡಿಯೋ ಮಾಡಿದ್ರೆ, ಢಂಢಂ ಸಂಗೀತ ಇದ್ದರೂ ಪೂರ್ತಿ ನೋಡ್ತೀನಿ.