ಬಿಸಿಲಲ್ಲೂ ಕಾಯದ ಮಾಳಿಗೆ

ಹೊಸ ಆವಿಷ್ಕಾರವೊಂದರ ಸುದ್ದಿ ಕಣ್ಣಿಗೆ ಬಿದ್ದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಏಪ್ರಿಲ್ ತಿಂಗಳ ಮಧ್ಯಾಹ್ನ, ಕರೆಂಟು ಹೋದ ಹೊತ್ತಿನಲ್ಲಿ, ರಾಯಚೂರಿನ ಪತ್ರಾಸ್ (ತಗಡಿನ ಮಾಳಿಗೆಯ) ಮನೆಯಲ್ಲಿ ಇದು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆಯೇ? ಹೆಚ್ಚಿನವು ಈ ಪ್ರಶ್ನೆಗೆ ನಿಲ್ಲುವುದಿಲ್ಲ. ನಿಂತ ಒಂದರ ಬಗ್ಗೆ ಈ ವಾರ ಬರೆಯುತ್ತಿದ್ದೇನೆ. ಅದಕ್ಕೆ ವಿದ್ಯುತ್ತು ಬೇಡ, ಮೋಟಾರು ಬೇಡ, ನೀರೂ ಬೇಡ. ಮಾಳಿಗೆಯ ಮೇಲೆ ಬಳಿದರೆ ಸಾಕು. ನಡುಮಧ್ಯಾಹ್ನದ ಬಿಸಿಲಿಗೆ ಮೈಯೊಡ್ಡಿಕೊಂಡೇ ಅದು ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ.

ನೆರಳಿಗಿಂತ ತಂಪು, ಅದೂ ಬಿಸಿಲಿನಲ್ಲಿ! ಮೊದಲ ಸಲ ಓದಿದಾಗ ನಂಬಲು ಕಷ್ಟವಾಗುವ ಮಾತು. ಆದರೆ ಇದರ ಅರ್ಧ ಕಥೆ ನಮ್ಮ ರೈತರೆಲ್ಲ ನೋಡಿರುವಂಥದ್ದೇ. ಮಾಗಿಯ ಬೆಳಗ್ಗೆ ಬಯಲಿನ ಹುಲ್ಲು ಇಬ್ಬನಿಯಲ್ಲಿ ತೊಯ್ದಿರುತ್ತದೆ, ದಟ್ಟ ಮರದ ಕೆಳಗಿನ ಹುಲ್ಲು ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಗಾಳಿ ಎರಡೂ ಕಡೆ ಅದೇ, ತೇವವೂ ಅದೇ. ಕಡಲೆ ಹೊಲದ ಮೇಲೆ ರಾತ್ರಿ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಹುಳಿ ತೆಗೆಯುವವರಿಗೂ ಗೊತ್ತು: ಮೋಡ ಕವಿದ ರಾತ್ರಿ ಬಟ್ಟೆ ನೆನೆಯುವುದಿಲ್ಲ, ಆಕಾಶ ತಿಳಿಯಾಗಿರಬೇಕು. ಮೋಡವಾಗಲಿ ಮರವಾಗಲಿ ನಡುವೆ ಬಂದರೆ ಏನೋ ಒಂದು ಕೆಲಸ ನಿಂತುಹೋಗುತ್ತದೆ.

ಆ ಕೆಲಸ ಏನೆಂದು ಸರಿಯಾಗಿ ಬಿಡಿಸಿ ಹೇಳಿದವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಉಣ್ಣೆಯ ಸಣ್ಣ ಸಣ್ಣ ಉಂಡೆಗಳನ್ನು ರಾತ್ರಿ ಬಯಲಲ್ಲೂ ಹಲಗೆಯ ಕೆಳಗೂ ಇಟ್ಟು, ಅವು ಎಷ್ಟೆಷ್ಟು ಇಬ್ಬನಿ ಕುಡಿದವೆಂದು ತೂಗಿ ನೋಡಿದ. ಆಕಾಶ ಕಾಣುವಂತೆ ಇಟ್ಟದ್ದು ಹೆಚ್ಚು ತೂಗಿತು. ತಿಳಿಯಾದ ರಾತ್ರಿಗಳಲ್ಲಿ ಹುಲ್ಲಿನ ಮೇಲಿಟ್ಟ ಥರ್ಮಾಮೀಟರು ಅದರ ಮೇಲಣ ಗಾಳಿಗಿಂತ ಕಡಿಮೆ ತೋರಿಸಿತು. ಹುಲ್ಲು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಾನೇ ಮೊದಲು ತಣ್ಣಗಾಗುತ್ತದೆ, ಆಮೇಲೆ ಅದರ ಮೇಲೆ ಇಬ್ಬನಿ ಕೂರುತ್ತದೆ ಎಂದು ಅವನು 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದಿಸಿದ. ಅದಕ್ಕೂ ಮುಂಚೆ, 1775ರಲ್ಲಿ, ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ ಅಲಹಾಬಾದಿನಲ್ಲಿ ಮಂಜುಗಡ್ಡೆ ಮಾಡುವ ಬಗೆಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ್ದ. ಬಯಲಿನಲ್ಲಿ ತಗ್ಗು ಗುಂಡಿ ತೋಡಿ, ಒಣಗಿದ ಕಬ್ಬಿನ ದಂಟು ಹಾಸಿ, ಮೆರುಗು ಹಚ್ಚದ ಚಪ್ಪಟೆ ಮಣ್ಣಿನ ತಟ್ಟೆಗಳಲ್ಲಿ ಕಾಯಿಸಿ ಆರಿಸಿದ ನೀರು ತುಂಬಿ ಸಂಜೆ ಇಟ್ಟರೆ ಬೆಳಗಿನ ಹೊತ್ತಿಗೆ ಮಂಜುಗಡ್ಡೆ. ಗಂಗಾ ಬಯಲಿನ ಚಳಿಗಾಲದಲ್ಲಿ, ಯಾವ ಯಂತ್ರವೂ ಇಲ್ಲದ ಕಾಲದಲ್ಲಿ! ಸ್ವಲ್ಪ ಪಾಲು ನೀರು ಆವಿಯಾಗುವುದರಿಂದ ಆದದ್ದು, ದೊಡ್ಡ ಪಾಲು ಆಕಾಶದ್ದು.

ಬಿಸಿಯಿರುವ ಎಲ್ಲ ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಹೊರಸೂಸುತ್ತಲೇ ಇರುತ್ತದೆ. ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅದರಲ್ಲಿ ಬಹುಪಾಲನ್ನು ಹೀರಿ ಮತ್ತೆ ನೆಲಕ್ಕೆ ಮರಳಿಸುತ್ತವೆ. ಆದರೆ 8ರಿಂದ 13 ಮೈಕ್ರೋಮೀಟರಿನ ತರಂಗಗಳಿಗೆ ಮಾತ್ರ ವಾತಾವರಣ ಪಾರದರ್ಶಕ. ವಿಜ್ಞಾನಿಗಳು ಇದನ್ನು ವಾತಾವರಣದ ಕಿಟಕಿ ಎನ್ನುತ್ತಾರೆ. ನಮ್ಮ ನೆಲ, ಮಾಳಿಗೆ, ಮೈ ಎಲ್ಲವೂ ಹೊರಸೂಸುವ ಶಾಖ ಅತಿ ಹೆಚ್ಚಾಗಿರುವುದು ಸರಿಯಾಗಿ ಇದೇ ಅಳತೆಯಲ್ಲಿ. ಕಿಟಕಿಯಾಚೆ ಇರುವುದು ಸೊನ್ನೆಗಿಂತ 270 ಡಿಗ್ರಿ ಕೆಳಗಿರುವ ಬಾಹ್ಯಾಕಾಶ. ಕಾರ್ಖಾನೆಗಳಲ್ಲಿ ಬಳಸುವ ಅವಕೆಂಪು ಥರ್ಮಾಮೀಟರು ಸಿಕ್ಕರೆ ತಿಳಿಯಾದ ರಾತ್ರಿ ಆಕಾಶಕ್ಕೆ ಹಿಡಿದು ನೋಡಿ. ಸುತ್ತಲಿನ ಗಾಳಿಗಿಂತ ಎಷ್ಟೋ ಕಡಿಮೆ ತೋರಿಸುತ್ತದೆ. ಒಣಹವೆಯಲ್ಲಿ ಸೊನ್ನೆಗಿಂತ ಕೆಳಕ್ಕೂ ಇಳಿಯುತ್ತದೆ. ಅದನ್ನೇ ಮೋಡದ ಕಡೆ ತಿರುಗಿಸಿ, ಅಂಕಿ ಸರ್ರನೆ ಏರುತ್ತದೆ. ಭೌತಶಾಸ್ತ್ರವನ್ನು ಮಕ್ಕಳಿಗೆ ಮಾಳಿಗೆಯ ಮೇಲೇ ತೋರಿಸಬಹುದಾದ ಇಷ್ಟು ಸರಳ ಪ್ರಯೋಗ ಇನ್ನೊಂದು ನನಗೆ ಗೊತ್ತಿಲ್ಲ.

ಹಾಗಾದರೆ ಹಗಲಲ್ಲಿ ಏನು ಅಡ್ಡಿ? ಲೆಕ್ಕ ಸರಳ. ತಿಳಿಯಾದ ಆಕಾಶದ ಕೆಳಗೆ ಒಂದು ಚದರ ಮೀಟರ್ ಮಾಳಿಗೆ ನಿವ್ವಳವಾಗಿ ಕಳೆದುಕೊಳ್ಳಬಲ್ಲ ಶಾಖ ಸುಮಾರು 100 ವಾಟ್. ಮಧ್ಯಾಹ್ನದ ಸೂರ್ಯ ಅದೇ ಜಾಗಕ್ಕೆ ಸುರಿಯುವುದು ಸುಮಾರು 1000 ವಾಟ್. ಬಿಸಿಲಿನ ನೂರರಲ್ಲಿ ತೊಂಬತ್ತು ಪಾಲನ್ನು ಹಿಂದಕ್ಕೆ ಅಟ್ಟಿದರೂ ಒಳಗೆ ಉಳಿಯುವುದು 100 ವಾಟ್. ಬಂದದ್ದೂ ಹೋದದ್ದೂ ಸಮ, ತಂಪಿಗೆ ಉಳಿದದ್ದೇನೂ ಇಲ್ಲ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಬಿಳಿ ಬಣ್ಣಗಳು ಹಿಂದಕ್ಕೆ ಕಳಿಸುವುದು ಶೇ 80ರಿಂದ 90ರಷ್ಟು. ಹಗಲಿನ ತಂಪು ಇರುವುದೆಲ್ಲ ಕೊನೆಯ ಹತ್ತು ಪಾಲಿನಲ್ಲಿ. ವಿಜ್ಞಾನಿಗಳು ದಶಕಗಳ ಕಾಲ ಗುದ್ದಾಡಿದ್ದು ಆ ಹತ್ತಕ್ಕಾಗಿಯೇ.

2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಸ್ವತ್ ರಾಮನ್, ಶಾನ್‌ಹುಯಿ ಫಾನ್ ಮತ್ತು ಜೊತೆಗಾರರು ಆ ಗೆರೆ ದಾಟಿದರು. ರಾಮನ್ ಕೆನಡಾದಲ್ಲಿ ಬೆಳೆದವರು. ಬೇಸಿಗೆ ರಜೆಗೆ ಮುಂಬಯಿಯ ಅಜ್ಜ ಅಜ್ಜಿಯ ಮನೆಗೆ ಬಂದಾಗ ಎ.ಸಿ. ಹಾಕಿಸಿಕೊಳ್ಳಿ ಎಂದು ಎಷ್ಟು ಕಾಡಿದರೂ ಅವರು ಒಪ್ಪಲಿಲ್ಲವಂತೆ. ತಮ್ಮ ಭಾಷಣದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಅವರ ತಂಡ ಬೆಳ್ಳಿಯ ಲೇಪದ ಮೇಲೆ ಹಾಫ್ನಿಯಂ ಡೈಆಕ್ಸೈಡ್ ಮತ್ತು ಸಿಲಿಕಾದ ಏಳು ಪದರಗಳನ್ನು ಕೂರಿಸಿತು. ಎಲ್ಲ ಸೇರಿ ದಪ್ಪ ಎರಡು ಮೈಕ್ರೋಮೀಟರೂ ಇಲ್ಲ. ಆ ಫಲಕ ಬಿಸಿಲಿನ ಶೇ 97ರಷ್ಟನ್ನು ಹಿಂದಕ್ಕೆ ಕಳಿಸುತ್ತಲೇ ತನ್ನ ಶಾಖವನ್ನು ಆಕಾಶದ ಕಿಟಕಿಯಿಂದ ಹೊರಹಾಕಿತು. ನೇರ ಬಿಸಿಲಿನಲ್ಲಿ ಸುತ್ತಲಿನ ಗಾಳಿಗಿಂತ 4.9 ಡಿಗ್ರಿ ತಣ್ಣಗೆ ನಿಂತಿತು. ಸೊಗಸಾದ ಕೆಲಸ. ಆದರೆ ಬೆಳ್ಳಿ, ಹಾಫ್ನಿಯಂಗಳ ಪದರ ಯಾವ ಬಡವರ ಮನೆಯ ಮೇಲೆ ಏರೀತು?

ಹಾಗಾಗಿ ನನ್ನ ಒಲವು ಬಣ್ಣಗಳ ಕಡೆಗೆ. 2018ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜ್ಯೋತಿರ್ಮಯ್ ಮಂಡಲ್ ಮತ್ತು ಸಂಗಡಿಗರು, ಒಣಗುವಾಗ ತಾನಾಗಿ ಸೂಕ್ಷ್ಮ ರಂಧ್ರಗಳಾಗುವ ಪ್ಲಾಸ್ಟಿಕ್ ಲೇಪವೊಂದನ್ನು ಮಾಡಿದರು. ಆ ರಂಧ್ರಗಳೇ ಬೆಳಕನ್ನು ಚದುರಿಸಿ ಬಿಳುಪು ತರುತ್ತವೆ. ಆಮೇಲೆ ಪರ್ಡ್ಯೂ ವಿಶ್ವವಿದ್ಯಾಲಯದ ಶಿಯುಲಿನ್ ರುವಾನ್ ತಂಡ ಇನ್ನೂ ಸರಳ ದಾರಿ ಹಿಡಿಯಿತು. ಮಾಮೂಲಿ ಬಿಳಿ ಬಣ್ಣಕ್ಕೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಬಿಸಿಲಿನ ನೇರಳಾತೀತ ಭಾಗವನ್ನು ಹೀರಿಕೊಳ್ಳುತ್ತದೆ, ಅಲ್ಲೇ ಒಂದಿಷ್ಟು ನಷ್ಟ. ಅದನ್ನು ಬಿಟ್ಟು 2020ರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಳಸಿದರು, ಬಿಸಿಲಿನ ಶೇ 95.5ರಷ್ಟು ಹಿಂದಕ್ಕೆ ಹೋಯಿತು. ಮರುವರ್ಷ ಬೇರಿಯಂ ಸಲ್ಫೇಟ್ ಬಳಸಿದರು, ಶೇ 98.1ರಷ್ಟು ಹೋಯಿತು. ಗುಟ್ಟು ಇಷ್ಟೇ: ಪುಡಿಯ ಪ್ರಮಾಣ ಹೆಚ್ಚಿರಬೇಕು, ಕಣಗಳು ಬೇರೆ ಬೇರೆ ಗಾತ್ರದವಾಗಿರಬೇಕು. ಬಿಸಿಲಿನಲ್ಲಿರುವ ಎಲ್ಲ ಬಣ್ಣಗಳ ಕಿರಣವನ್ನೂ ಚದುರಿಸಲು ಒಂದೇ ಗಾತ್ರದ ಕಣ ಸಾಲದು.

ಇಲ್ಲಿ ನನಗೆ ಸಂತೋಷ ತಂದ ಸಂಗತಿಯೊಂದಿದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಎಂದರೆ ನಮ್ಮ ಗೋಡೆಗೆ ಬಳಿದ ಸುಣ್ಣ ಒಣಗಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಕೊನೆಗೆ ಆಗುವ ವಸ್ತುವೇ. ಬೇರಿಯಂ ಸಲ್ಫೇಟ್ ಎಂದರೆ ಹೊಟ್ಟೆಯ ಎಕ್ಸ್-ರೇ ತೆಗೆಯುವ ಮುಂಚೆ ಆಸ್ಪತ್ರೆಯಲ್ಲಿ ಕುಡಿಸುವ ಬಿಳಿ ದ್ರಾವಣ. ಅದರ ಅದಿರು ಬೆರೈಟ್. ಜಗತ್ತಿನ ಅತಿ ದೊಡ್ಡ ಬೆರೈಟ್ ನಿಕ್ಷೇಪಗಳಲ್ಲೊಂದು ಪಕ್ಕದ ಆಂಧ್ರದ ಮಂಗಂಪೇಟೆಯಲ್ಲಿದೆ. ಬೆಳ್ಳಿ, ಹಾಫ್ನಿಯಂಗಳಿಂದ ಆರು ಏಳು ವರ್ಷಗಳಲ್ಲಿ ವಿಜ್ಞಾನ ನಮ್ಮ ಅಂಗಳಕ್ಕೇ ಬಂದಿದೆ.

ಇನ್ನು ಪತ್ರಾಸ್ ಮನೆಯ ತಗಡಿನ ವಿಷಯಕ್ಕೆ ಬರೋಣ. ಹೊಸ ತಗಡು ಫಳಫಳ ಹೊಳೆಯುತ್ತದೆ, ಬಿಸಿಲನ್ನು ಸಾಕಷ್ಟು ಹಿಂದಕ್ಕೂ ಕಳಿಸುತ್ತದೆ. ಆದರೂ ಕೈಯಿಟ್ಟರೆ ಚುರ್ರೆನ್ನುತ್ತದೆ. ಕಾರಣ, ಹೊಳೆಯುವ ಲೋಹಕ್ಕೆ ಶಾಖವನ್ನು ಹೆಚ್ಚು ಹೊರಸೂಸಲು ಬರುವುದಿಲ್ಲ. ಒಳಗೆ ಸೇರಿದ ಅಷ್ಟಿಷ್ಟು ಬಿಸಿಯೂ ಆಕಾಶಕ್ಕೆ ಹೋಗದೆ ಅಲ್ಲೇ ನಿಂತು ಮನೆಯೊಳಕ್ಕೆ ಇಳಿಯುತ್ತದೆ. ಸುಣ್ಣ, ಬಣ್ಣ, ಕಲ್ಲು, ಮಣ್ಣು ಇವೆಲ್ಲ ಶಾಖ ಸೂಸುವುದರಲ್ಲಿ ಗಟ್ಟಿಗರು. ಆದ್ದರಿಂದ ತಗಡಿನ ಮೇಲೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ಬಳಿದವರಿಗೆ ಅರ್ಧ ಲಾಭ ಮಾತ್ರ, ಹಾಲುಬಿಳಿ ಬಳಿದವರಿಗೆ ಪೂರ್ತಿ. ಮಾಳಿಗೆಯ ಬಣ್ಣ ಕೊಳ್ಳಲು ಹೋದಾಗ ಎರಡು ಅಂಕಿ ಕೇಳಿ: ಬಿಸಿಲನ್ನು ಎಷ್ಟು ಹಿಂದಕ್ಕೆ ಕಳಿಸುತ್ತದೆ, ಶಾಖವನ್ನು ಎಷ್ಟು ಹೊರಸೂಸುತ್ತದೆ. ಎರಡನೆಯದನ್ನು ಹೇಳಲಾರದ ಡಬ್ಬವನ್ನು ನಾನಾದರೆ ಕೊಳ್ಳುವುದಿಲ್ಲ.

ಇದಕ್ಕೆ ಮಿತಿಗಳಿವೆ, ಅವು ಸಣ್ಣವಲ್ಲ. ಗಾಳಿಯಲ್ಲಿ ನೀರಾವಿ ಹೆಚ್ಚಿದ್ದರೆ ಆಕಾಶದ ಕಿಟಕಿ ಅರ್ಧ ಮುಚ್ಚುತ್ತದೆ. ಮಂಗಳೂರು, ಉಡುಪಿಯ ಮೇ ತಿಂಗಳ ಬೆವರಿನ ಹವೆಯಲ್ಲಿ ಸಿಗುವ ತಂಪು ಕಲಬುರಗಿಯ ಒಣ ಬೇಸಿಗೆಯಲ್ಲಿ ಸಿಗುವುದಕ್ಕಿಂತ ಕಡಿಮೆ. ಲಾಭವೆಲ್ಲ ಮೇಲಿನ ಮಹಡಿಗೆ, ಕೆಳಗಿನವರಿಗೆ ಹೆಚ್ಚೇನೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಶತ್ರು ಧೂಳು. ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ: ಶೇ 98ರ ಬಿಳುಪು ಧೂಳು ಕೂತು 88ಕ್ಕೆ ಇಳಿದರೆ ಗಾಳಿಗಿಂತ ತಣ್ಣಗಿರುವ ಗುಣ ಮಾಯ. ಪ್ರಯೋಗಾಲಯದ ಮೇಲ್ಛಾವಣಿಯಲ್ಲಿ ಬಂದ ಅಂಕಿಗಳು ಬಳ್ಳಾರಿಯ ಗಣಿ ರಸ್ತೆಯ ಪಕ್ಕದಲ್ಲಿ ಎಷ್ಟು ದಿನ ನಿಂತಾವು? ಇನ್ನಷ್ಟು ಬಿಳಿಯಾದ ಬಣ್ಣಕ್ಕಿಂತ, ಬಿಳಿಯಾಗಿಯೇ ಉಳಿಯುವ ಬಣ್ಣ ಈಗ ಬೇಕಾಗಿದೆ.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಗಾಳಿಗಿಂತ ತಣ್ಣಗಾಗದಿದ್ದರೂ ಬಿಳಿ ಮಾಳಿಗೆ ಬರಿಯ ಸಿಮೆಂಟಿಗಿಂತ ಎಷ್ಟೋ ಮೇಲು. ಬೂದು ಸಿಮೆಂಟು ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಹೊಸದಾಗಿ ಬಳಿದ ಸುಣ್ಣ ನುಂಗುವುದು ಐದರಲ್ಲಿ ಒಂದು ಪಾಲಿನ ಆಸುಪಾಸು. ಅಹಮದಾಬಾದ್ ನಗರ 2017ರಲ್ಲೇ ಬಡವರ ಮನೆಗಳ ಮಾಳಿಗೆಗೆ ಬಿಳಿ ಬಳಿಯುವ ಕಾರ್ಯಕ್ರಮ ಶುರುಮಾಡಿತು. ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿತು. ಗಡಿಯ ಆಚೆ ನಾರಾಯಣಪೇಟೆ, ಈಚೆ ರಾಯಚೂರು; ಬಿಸಿಲು ಎರಡೂ ಕಡೆ ಒಂದೇ. ನಮ್ಮ ಸರ್ಕಾರ ಆಶ್ರಯ ಮನೆ ಕಟ್ಟಿಸುವಾಗ ಮಾಳಿಗೆಯ ಬಣ್ಣವನ್ನೂ ಅಂದಾಜು ಪಟ್ಟಿಯಲ್ಲಿ ಸೇರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಲ್ಯಾಣ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಪ್ರಾಜೆಕ್ಟಿಗೆ ಒಂದೇ ಅಳತೆಯ ನಾಲ್ಕು ತಗಡಿನ ಗೂಡುಗಳನ್ನು ಕಟ್ಟಿ. ಒಂದನ್ನು ಹಾಗೇ ಬಿಡಿ, ಒಂದಕ್ಕೆ ಅಂಟು ಬೆರೆಸಿದ ಸುಣ್ಣ, ಒಂದಕ್ಕೆ ಅಂಗಡಿಯ ಬಿಳಿ ಬಣ್ಣ, ಇನ್ನೊಂದಕ್ಕೆ ನೀವೇ ಬೆರೆಸಿದ ಬೇರಿಯಂ ಸಲ್ಫೇಟಿನ ಬಣ್ಣ ಬಳಿಯಿರಿ. ಶಿವರಾತ್ರಿಯಿಂದ ಮುಂಗಾರಿನವರೆಗೆ, ಒಮ್ಮೆಯೂ ತೊಳೆಯದೆ, ಒಳಗಿನ ಉಷ್ಣತೆಯನ್ನು ಗಂಟೆಗಂಟೆಗೆ ಬರೆದಿಡಿ. ಧೂಳು ಕೂತಂತೆ ಯಾವುದು ಎಷ್ಟು ಬೇಗ ಸೋಲುತ್ತದೆ, ಮೊದಲ ಮಳೆಗೆ ಯಾವುದು ತೊಳೆದುಕೊಂಡು ಮತ್ತೆ ಬಿಳಿಯಾಗುತ್ತದೆ ಎಂಬುದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ಆ ಪಟ್ಟಿಯನ್ನು ನನಗೆ ಕಳಿಸಿದರೆ ಈ ಅಂಕಣದಲ್ಲಿ ಪೂರ್ತಿಯಾಗಿ ಅಚ್ಚುಹಾಕುತ್ತೇನೆ.