ರಿವ್ಯೂ ಇಲ್ಲದ ರಿಲೀಸ್

‘ಸ್ವಂತ ದುಡ್ಡಲ್ಲಿ ಪುಸ್ತಕನಾ?’ ಅಂತ ಮೂಗು ಮುರಿಯೋ ಕಾಲ ಹೋಯ್ತು. ಒಳ್ಳೇದೇ ಆಯ್ತು. ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದವರು. ನಮ್ಮ ಸಾಫ್ಟ್‌ವೇರ್ ಬಳಗದ ವಸುಧೇಂದ್ರ ‘ಛಂದ ಪುಸ್ತಕ’ವನ್ನೇ ಕಟ್ಟಿದರು. ನನ್ನ ತಕರಾರು ಬೇರೆ. ಆಂಡಿ ವಿಯರ್ 2011ರಲ್ಲಿ ‘ದಿ ಮಾರ್ಷಿಯನ್’ ಅನ್ನು ಕಿಂಡಲ್‌ನಲ್ಲಿ 99 ಸೆಂಟ್‌ಗೆ ಇಟ್ಟ ಕತೆ ಎಲ್ಲರಿಗೂ ಬಾಯಿಪಾಠ. ಅದಕ್ಕೂ ಮೊದಲು ಒಂದೊಂದೇ ಅಧ್ಯಾಯ ಓದಿ ಅವರ ವಿಜ್ಞಾನದ ತಪ್ಪು ತೋರಿಸಿದ ಓದುಗರು ಮಾತ್ರ ಯಾರಿಗೂ ನೆನಪಿಲ್ಲ. ಆಫೀಸಲ್ಲಿ ಎರಡು ಸಾಲು ಕೋಡನ್ನೂ ಇನ್ನೊಬ್ಬರು ನೋಡದೆ ಬಿಡಲ್ಲ, ಅಲ್ವಾ?

ಹೋದ ತಿಂಗಳು ಗೆಳೆಯನ ಕಥಾಸಂಕಲನ ಬಂತು. ಕೆರೆ ಒಡೆದ ರಾತ್ರಿಯ ಕತೆ ನಿಜಕ್ಕೂ ಚೆನ್ನಾಗಿದೆ, ಆದರೆ ಕೆರೆ ಒಡೆಯೋಕೇ ಹದಿನೆಂಟು ಪುಟ ಕಾಯಬೇಕು. ಕರಡು ನನಗೆ ಕಳಿಸಿದ್ದ. ಓದದೆಯೇ ‘ಸೂಪರ್ ಮಗಾ’ ಅಂದಿದ್ದೆ.